ಸೋತ ಸಂಘದ ಗುರುವನ್ನು ತೆಗೆಯಬೇಕೆ?

ಪಂದ್ಯದಲ್ಲಿ ಗೆದ್ದರೆ ಹುಡುಗರನ್ನು ಹೆಗಲ ಮೇಲೆ ಹೊತ್ತು ಮೆರೆಸುವದು, ಸೋತರೆ ಅವರಿಗೆ ಕಲಿಸಿದವನನ್ನು ಮನೆಗೆ ಕಳಿಸಿರೆಂದು ಕೂಗುವದು, ಇದು ಎಲ್ಲ ಕಡೆಯಲ್ಲಿಯೂ ರೂಢಿಗೆ ಬಂದಿರುವ ನ್ಯಾಯವು. ಕಾಲೇಜಿನ ಬಾಸ್ಕೆಟ್‌ಬಾಲ್ ಸಂಘವಾಗಲಿ, ತಾಲೂಕಿನ ಖೋ-ಖೋ ಸಂಘವಾಗಲಿ, ಊರ ಗರಡಿಮನೆಯಾಗಲಿ, ಎರಡು ವರ್ಷ ಪಾರಿತೋಷಕವು ಬಾರದಿದ್ದರೆ ಸಾಕು, ಮೂರನೆಯ ವರ್ಷದ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, "ಮಾಸ್ತರರು ಹಳಬರಾದರು, ಹೊಸ ನೀರು ಬಂದು ಹಳೆಯ ನೀರು ಹೋಗಬೇಕು" ಎಂದು ಉಪದೇಶ ಮಾಡುವರು. ಸಭಿಕರು ತಲೆಯಾಡಿಸುವರು. ಹೊಸ ನೀರಿನ ಮಾತು ಕೇಳಲಿಕ್ಕೆ ಇಂಪಾಗಿಯೇ ಇರುವದು. ಆದರೆ ಬೆಣ್ಣಿಹಳ್ಳಕ್ಕೆ ಹೊಸ ನೀರು ಬಂದಾಗ ಅದರ ಸಂಗಡ ಏನೇನು ಕೊಚ್ಚಿಕೊಂಡು ಹೋಗುವದೆಂಬುದನ್ನು ನವಲಗುಂದದ ರೈತನನ್ನು ಕೇಳಿ ತಿಳಿದುಕೊಳ್ಳಬೇಕು. ನೀರು ಇಳಿದ ಮೇಲೆ ಅವನ ಹೊಲದಲ್ಲಿ ಬೆಳೆಯೂ ಇರುವದಿಲ್ಲ, ಬದುವೂ ಇರುವದಿಲ್ಲ.

ಈ ವಾದವು ಇಂದಿನದಲ್ಲ. ಆದಿಕವಿ ಪಂಪನ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಮನೆತನದವಳು. ಆಕೆಯ ಮಗನು ಸಾವಿರ ವರ್ಷಗಳಿಗೂ ಹಿಂದೆ ಬರೆದ ಭಾರತದಲ್ಲಿ ಈ ವಾದವು ಪೂರ್ತಿಯಾಗಿ ನಡೆದುಹೋಗಿರುತ್ತದೆ. ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುವ ಸಮಯದಲ್ಲಿ ಕರ್ಣನು ಎದ್ದು, ಕಣ್ಣು ಕಿವಿ ಮಂದವಾದ ಈ ಮುದುಕನಿಂದ ಆಗತಕ್ಕದ್ದೇನೆಂದು ಹಳಿಯುತ್ತಾನೆ. ದ್ರೋಣನಿಗೆ ಸಿಟ್ಟು ಬರುತ್ತದೆ. ಭೀಷ್ಮನಿಗೆ ಮಾತ್ರ ಬರುವದಿಲ್ಲ. ನಿನ್ನ ಸರದಿಯೂ ಬರುವದಪ್ಪ ಎಂಬ ಅರ್ಥದ ಮಾತನ್ನಾಡಿ ಸುಮ್ಮನಾಗುತ್ತಾನೆ. ಸರದಿ ಬಂದಿತು, ಎರಡು ದಿನ ನಡೆಯಿತು. ಅದಕ್ಕೆ ಮೊದಲೇ ಕರ್ಣನು ಶರಶಯ್ಯೆಯ ಬಳಿಗೆ ಹೋಗಿ, ಆಡಬಾರದ್ದನ್ನು ಆಡಿದೆನೆಂದು ಕ್ಷಮೆ ಬೇಡಿಕೊಂಡನು. ಹದಿನೆಂಟು ದಿನಗಳ ಯುದ್ಧದಲ್ಲಿ ಕೌರವರಿಗೆ ಸೇನಾಪತಿಗಳು ನಾಲ್ವರು, ಭೀಷ್ಮ, ದ್ರೋಣ, ಕರ್ಣ, ಶಲ್ಯ. ಪಾಂಡವರಿಗೆ ಮೊದಲಿನಿಂದ ಕಡೆಯ ವರೆಗೆ ಧೃಷ್ಟದ್ಯುಮ್ನನೊಬ್ಬನೇ. ಕೌರವರ ಸೇನಾಪತಿಗಳು ಬಿದ್ದುದರಿಂದ ಬದಲಾದರೇ ಹೊರತು ಯಾರೂ ಅವರನ್ನು ತೆಗೆಯಲಿಲ್ಲವೆಂದು ವಾದಿಸಬಹುದು; ಆ ಮಾತು ನಿಜವೇ. ಆದರೆ ಮೊದಲಿನ ಹತ್ತು ದಿನ ಭೀಷ್ಮನ ಕೈಯಲ್ಲಿ ಪಾಂಡವರ ಸೇನೆಯು ಹಣ್ಣಾಗುತ್ತಿರುವಾಗ, ಧರ್ಮರಾಜನು ಧೃಷ್ಟದ್ಯುಮ್ನನ ಪಟ್ಟವನ್ನು ಬಿಚ್ಚಿಸಿ ಮತ್ತೊಬ್ಬನಿಗೆ ಕಟ್ಟಿಸಲಿಲ್ಲವೆಂಬುದೂ ಅಷ್ಟೇ ನಿಜವು.

ಪುರಾಣದ ಮಾತು ಪುರಾಣಕ್ಕಾಯಿತು, ಆಟದ ಮಾತಿಗೆ ಆಟದ ಲೆಕ್ಕವೇ ಬೇಕೆನ್ನುವವರು ಅಮೇರಿಕೆಯ ಕಡೆಗೆ ನೋಡಬಹುದು. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಬಾಸ್ಕೆಟ್‌ಬಾಲ್ ಎಂಬುದು ಬರಿಯ ಆಟವಲ್ಲ, ದೊಡ್ಡ ವ್ಯವಹಾರ. ಮುಖ್ಯ ತರಬೇತುದಾರನನ್ನು ಇಡಬೇಕೋ ತೆಗೆಯಬೇಕೋ ಎಂಬ ವಾದವು ಅಲ್ಲಿ ಪ್ರತಿ ವಸಂತಕ್ಕೂ ಏಳುತ್ತದೆ. ಡ್ಯೂಕ್ ವಿಶ್ವವಿದ್ಯಾಲಯಕ್ಕೆ ೧೯೮೦ರಲ್ಲಿ ಬಂದ ಮೈಕ್ ಶಶೆಫ್ಸ್ಕಿಯವರ ಸಂಘವು ಮೊದಲ ಮೂರು ವರ್ಷಗಳಲ್ಲಿ ೩೮ ಪಂದ್ಯಗಳನ್ನು ಗೆದ್ದು ೪೭ನ್ನು ಸೋತಿತು. ೧೯೮೩ರಲ್ಲಿ ವರ್ಜೀನಿಯದವರ ಎದುರಿಗೆ ೧೦೯ಕ್ಕೆ ೬೬ರಂತೆ ಸೋತಾಗ ಅವರನ್ನು ಓಡಿಸಬೇಕೆಂದು ಹಣ ಕೊಡುವ ಅಭಿಮಾನಿಗಳಲ್ಲಿ ಅನೇಕರು ಹಟ ಹಿಡಿದರು. ಕ್ರೀಡಾವಿಭಾಗದ ಮುಖ್ಯಸ್ಥರಾದ ಟಾಮ್ ಬಟರ್ಸ್ ಎಂಬವರು ಕಿವಿಗೊಡಲಿಲ್ಲ. ೧೯೮೪ರಲ್ಲಿ ಕರಾರನ್ನು ಮತ್ತಷ್ಟು ವರ್ಷಗಳಿಗೆ ಮುಂದುವರಿಸಿದರು. ಆ ಮನುಷ್ಯನು ೨೦೨೨ರ ವರೆಗೆ ೪೨ ವರ್ಷ ಅಲ್ಲಿಯೇ ಇದ್ದು ಐದು ಸಾರೆ ರಾಷ್ಟ್ರದ ಪ್ರಥಮ ಸ್ಥಾನವನ್ನು ತಂದುಕೊಟ್ಟನು. ನಾರ್ಥ್ ಕ್ಯಾರೊಲೈನದ ಡೀನ್ ಸ್ಮಿತ್ತರ ಕಥೆಯು ಇನ್ನೂ ಸ್ವಾರಸ್ಯವಾದದ್ದು. ೧೯೬೫ರಲ್ಲಿ ಒಂದು ಪಂದ್ಯ ಸೋತು ಊರಿಗೆ ತಿರುಗಿ ಬಂದಾಗ ವಿದ್ಯಾರ್ಥಿಗಳು ಅವರದೊಂದು ಹುಲ್ಲಿನ ಬೊಂಬೆಯನ್ನು ಮಾಡಿ ನೇಣು ಹಾಕಿದ್ದರು. ಬಸ್ಸಿನಿಂದ ಇಳಿದು ಅದನ್ನು ಕಿತ್ತುಹಾಕಿದವನು ಬಿಲ್ಲಿ ಕನಿಂಗ್‌ಹ್ಯಾಮ್ ಎಂಬ ಅವರ ಆಟಗಾರನೇ. ಕೂಗುವ ಗುಂಪಿಗಿಂತ ಕಲಿಯುವ ಹುಡುಗನಿಗೆ ಗುರುವಿನ ಬೆಲೆಯು ಮೊದಲು ಗೊತ್ತಾಗುತ್ತದೆ. ಸ್ಮಿತ್ತರಿಗೆ ರಾಷ್ಟ್ರಪದವಿಯು ಬಂದದ್ದು ೧೯೮೨ರಲ್ಲಿ, ಅಂದರೆ ೨೧ನೆಯ ವರ್ಷದಲ್ಲಿ. ಲಾಸ್ ಏಂಜಲಿಸ್ಸಿನ ಜಾನ್ ವುಡನ್ನರು ೧೯೪೮ರಲ್ಲಿ ಕೆಲಸಕ್ಕೆ ಸೇರಿ ಮೊದಲನೆಯ ಪದವಿಯನ್ನು ಕಂಡದ್ದು ೧೯೬೪ರಲ್ಲಿ. ಅಲ್ಲಿಂದ ಹನ್ನೆರಡು ವರ್ಷಗಳಲ್ಲಿ ಹತ್ತು ಸಾರೆ ಗೆದ್ದರು. ಇಲ್ಲಿಯ ಸಭೆಯವರು ಅಲ್ಲಿದ್ದರೆ ವುಡನ್ನರಿಗೆ ಹದಿಮೂರು ವರ್ಷ ಮೊದಲೇ ಶಾಲು ಹೊದಿಸಿ ಬೀಳ್ಕೊಟ್ಟಿರುತ್ತಿದ್ದರು.

ಆ ದೇಶದಲ್ಲಿ ತೆಗೆಯುವದಕ್ಕೂ ಬೆಲೆಯುಂಟೆಂಬುದನ್ನು ಇಲ್ಲಿ ಹೇಳಬೇಕು. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ೨೦೦೯ರಿಂದ ಇದ್ದ ಜಾನ್ ಕ್ಯಾಲಿಪಾರಿಯವರ ಸಂಘವು ೨೦೨೪ರ ಮಾರ್ಚಿನಲ್ಲಿ ಓಕ್‌ಲ್ಯಾಂಡ್ ಎಂಬ ಸಣ್ಣ ವಿಶ್ವವಿದ್ಯಾಲಯಕ್ಕೆ ಮೊದಲ ಸುತ್ತಿನಲ್ಲಿಯೇ ಸೋತಾಗ ಊರಿಗೆ ಊರೇ ಸಿಟ್ಟಿಗೆದ್ದಿತು. ಆದರೆ ಅವರನ್ನು ತೆಗೆದರೆ ಕರಾರಿನ ಪ್ರಕಾರ ಸುಮಾರು ೩೩ ದಶಲಕ್ಷ ಡಾಲರುಗಳನ್ನು ಎಣಿಸಬೇಕಾಗುತ್ತಿತ್ತು. ಕಡೆಗೆ ಅವರೇ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಇಲ್ಲಿಯ ಗುತ್ತಿಗೆಯ ತರಬೇತುದಾರನನ್ನು ತೆಗೆಯುವದಕ್ಕೆ ಒಂದು ಹಾಳೆ ಕಾಗದ ಸಾಕು. ಅದನ್ನಾದರೂ ಬರೆಯುವ ಪ್ರಸಂಗವು ಅನೇಕ ಸಾರೆ ಬರುವದೇ ಇಲ್ಲ. ಗುತ್ತಿಗೆಯು ತಾನಾಗಿಯೇ ಮುಗಿದಿರುತ್ತದೆ.

ದೂರದೇಶದ ಉದಾಹರಣೆಗಳು ದೂರವೆನ್ನಿಸಿದರೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ಹಾದಿಯಲ್ಲಿ ಕುಂದಗೋಳವಿದೆ. ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಅಲ್ಲಿ ಶಿಷ್ಯರಿಗೆ ಕಲಿಸುತ್ತಿದ್ದ ಕಾಲವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುವರು. ಗದುಗಿನಿಂದ ಮನೆ ಬಿಟ್ಟು ಹೋಗಿ, ಗ್ವಾಲಿಯರ, ಲಖನೌ, ರಾಮಪುರಗಳನ್ನೆಲ್ಲ ಗುರುವಿಗಾಗಿ ಸುತ್ತಿ ಬಂದ ಭೀಮಸೇನ ಜೋಶಿಯೆಂಬ ಹುಡುಗನು ೧೯೩೬ರಲ್ಲಿ ಅಲ್ಲಿ ಸೇರಿಕೊಂಡು ಗುರುವಿನ ಮನೆಗೆ ನೀರು ಹೊರುವನು. ಪಾಠವೇನೆಂದರೆ ತೋಡಿ, ಮುಲ್ತಾನಿ, ಪೂರಿಯಾ, ಇಂಥ ಕೆಲವೇ ರಾಗಗಳು; ಅವನ್ನೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಕ್ಕುವದು. ಮೊದಲನೆಯ ವರ್ಷದ ಕೊನೆಗೆ ಒಂದು ಪರಿಶೀಲನ ಕಮಿಟಿಯು ಕುಂದಗೋಳಕ್ಕೆ ಬಂದು ಇಳಿದಿದ್ದರೆ ದಫ್ತರದಲ್ಲಿ ಏನೆಂದು ಬರೆದುಕೊಳ್ಳುತ್ತಿತ್ತು? ಶಿಷ್ಯರು ಇಷ್ಟು, ಕಲಿತ ರಾಗಗಳು ಎರಡೋ ಮೂರೋ, ಬಹುಮಾನಗಳು ಇಲ್ಲ, ಗುರುವಿನ ವಯಸ್ಸು ಐವತ್ತು, ಶಿಫಾರಸು, ಬದಲಾವಣೆ. ಹಾಗೆ ಯಾರೂ ಬರಲಿಲ್ಲವಾದ್ದರಿಂದ ೨೦೦೮ರಲ್ಲಿ ಆ ನೀರು ಹೊತ್ತ ಹುಡುಗನಿಗೆ ಭಾರತರತ್ನವು ಘೋಷಿತವಾಯಿತು.

ಸಂಗೀತವು ಬೇರೆ, ಆಟವು ಬೇರೆ. ಸಂಗೀತದಲ್ಲಿ ಸೋಲು ಗೆಲವುಗಳಿಲ್ಲ, ಆಟದಲ್ಲಿ ಹುಡುಗನ ಪ್ರಾಯವು ಕಾಯುವದಿಲ್ಲವೆಂಬ ಆಕ್ಷೇಪವು ಬರತಕ್ಕದ್ದೇ. ಅದರಲ್ಲಿ ಅರ್ಧ ಸತ್ಯವಿದೆ. ಕಬಡ್ಡಿಯ ಆಟಗಾರನಿಗೆ ನಾಲ್ವತ್ತನೆಯ ವರ್ಷದಲ್ಲಿ ಕಂಠವು ಪಕ್ವವಾಗುವ ಸೌಭಾಗ್ಯವಿಲ್ಲ. ಆದರೆ ಹುಡುಗನ ಪ್ರಾಯವು ಕಾಯುವದಿಲ್ಲವೆಂಬ ಕಾರಣಕ್ಕಾಗಿಯೇ ಅವನ ಕೈಕಾಲಿನ ಪಾಠವನ್ನು ನಡುವೆ ಕಡಿಯಬಾರದು. ಗರಡಿಮನೆಯ ವಸ್ತಾದನು ಹೊಸ ಹುಡುಗನಿಗೆ ಮೊದಲು ಪಟ್ಟುಗಳನ್ನು ಹೇಳಿಕೊಡುವದಿಲ್ಲ. ಸಲಿಕೆ ಕೊಟ್ಟು ಮಣ್ಣು ಅಗೆಯಿಸುವನು, ಬೈಠಕು ತೆಗೆಯಿಸುವನು, ಬೀಳುವದನ್ನು ಕಲಿಸುವನು. ಬೀಳುವದು ಬಂದ ಮೇಲೆ ಬೀಳಿಸುವದು. ನಡುವೆ ವಸ್ತಾದನು ಬದಲಾದರೆ ಹೊಸಬನು ಮತ್ತೆ ಸಲಿಕೆಯಿಂದಲೇ ಮೊದಲು ಮಾಡುವನು, ಯಾಕೆಂದರೆ ಹಿಂದಿನವನು ಏನು ಕಲಿಸಿದ್ದನೆಂಬುದು ಅವನಿಗೆ ತಿಳಿಯದು. ಹೀಗೆ ಮೂರು ವರ್ಷಕ್ಕೆ ಮೂವರು ಬಂದರೆ ಹುಡುಗನು ಮೂರು ಸಾರೆ ಮಣ್ಣು ಅಗೆದು ಕಾಲೇಜು ಮುಗಿಸಿಕೊಂಡು ಹೋಗುವನು. ನವಲಗುಂದದ ಜಮಖಾನೆಯನ್ನು ನೇಯುವ ಹೆಣ್ಣುಮಕ್ಕಳು ಈ ಮಾತನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಹಾಗಾದರೆ ತೆಗೆಯಬೇಕೆಂಬ ಕೂಗು ಎಲ್ಲಿಂದ ಬರುವದು? ಇಲ್ಲಿ ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕವನ್ನು ನೆನೆಯಬೇಕು. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳಾಡುತ್ತ ರಾಜನ ಎದುರಿಗೆ ಬರುತ್ತಾರೆ. ಶಿಷ್ಯೆಯರನ್ನು ಕುಣಿಸಿ ಗುರುಗಳ ಯೋಗ್ಯತೆಯನ್ನು ಅಳೆಯಬೇಕೆಂದು ನಿಶ್ಚಯವಾಗುತ್ತದೆ. ಗಣದಾಸನ ಶಿಷ್ಯೆಯಾದ ಮಾಲವಿಕೆಯು ಕುಣಿಯುತ್ತಾಳೆ, ಎಲ್ಲರೂ ಮೆಚ್ಚುತ್ತಾರೆ. ಹರದತ್ತನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು, ಊಟದ ಹೊತ್ತಾಯಿತೆಂದು ವಿದೂಷಕನು ಅವಸರಪಡಿಸುತ್ತಾನೆ. ನಾಳೆ ನೋಡೋಣವೆಂದು ರಾಜನು ಏಳುತ್ತಾನೆ. ಪರೀಕ್ಷೆಯು ಯಾರದು? ಗುರುಗಳದ್ದಲ್ಲ. ಮಾಲವಿಕೆಯನ್ನು ಕಣ್ತುಂಬ ನೋಡಬೇಕೆಂಬ ರಾಜನ ಆಸೆಗಾಗಿ ವಿದೂಷಕನು ಹೂಡಿದ ಆಟವದು. ಗುರುವನ್ನು ಒರೆಗೆ ಹಚ್ಚಬೇಕೆಂದು ಗದ್ದಲವೆದ್ದಾಗ ಆ ಗದ್ದಲದ ಹಿಂದೆ ಯಾವ ಮಾಲವಿಕೆ ಇದ್ದಾಳೆಂದು ಮೊದಲು ನೋಡತಕ್ಕದ್ದು. ತನ್ನ ಅಳಿಯನಿಗೊಂದು ಕೆಲಸ ಬೇಕಾಗಿರುವವನೂ, ತನ್ನ ಮಗನನ್ನು ತಂಡದಲ್ಲಿ ಸೇರಿಸಿಕೊಳ್ಳಲಿಲ್ಲವೆಂದು ಮುನಿದಿರುವವನೂ, ಮೈದಾನದ ಮೂಲೆಯಲ್ಲಿ ಮಳಿಗೆ ಕಟ್ಟಿಸಲಿಕ್ಕೆ ಮಾಸ್ತರನೇ ಅಡ್ಡಿಯಾಗಿರುವನೆಂದು ತಿಳಿದವನೂ, ಇವರೆಲ್ಲರೂ ಸಭೆಯಲ್ಲಿ ಮಾತನಾಡುವದು "ಕ್ರೀಡೆಯ ಹಿತ"ದ ವಿಷಯವಾಗಿಯೇ.

ಇಷ್ಟರಿಂದ ಗುರುವಿಗೆ ಪರೀಕ್ಷೆಯೇ ಬೇಡವೆಂದಾಗಲಿಲ್ಲ. ಅದೇ ನಾಟಕದಲ್ಲಿ ಗಣದಾಸನೇ, ಸ್ಥಾನ ಸಿಕ್ಕಿತೆಂದು ವಾದಕ್ಕೆ ಹಿಂಜರಿದು, ವಿದ್ಯೆಯನ್ನು ಹೊಟ್ಟೆಗಷ್ಟೇ ಇಟ್ಟುಕೊಂಡವನು ಜ್ಞಾನದ ವ್ಯಾಪಾರಿಯೆಂದು ಹೇಳಿಬಿಡುತ್ತಾನೆ. ಅಂಥ ವ್ಯಾಪಾರಿಗಳು ಇಲ್ಲಿಯೂ ಇಲ್ಲದಿಲ್ಲ. ಸೀಟಿಯನ್ನು ಕೊರಳಲ್ಲಿ ಹಾಕಿಕೊಂಡು ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುವದೇ ತರಬೇತಿಯೆಂದು ತಿಳಿದವರು, ಆಟದ ನಿಯಮಗಳು ಎರಡು ಸಾರೆ ಬದಲಾದರೂ ಹಳೆಯದನ್ನೇ ಹೇಳುವವರು, ಇವರಿಗೆ ಇಪ್ಪತ್ತು ವರ್ಷದ ಸೇವೆಯಾಗಿದೆಯೆಂದರೆ ಒಂದೇ ವರ್ಷದ ಸೇವೆಯು ಇಪ್ಪತ್ತು ಸಾರೆ ಆಗಿದೆಯೆಂದರ್ಥ. ಇಂಥವರನ್ನು ಉಳಿಸಬೇಕೆಂದು ಯಾರೂ ವಾದಿಸಲಾರರು. ಆದರೆ ಈ ವಿಚಾರವನ್ನು ಮಾಡತಕ್ಕವರು ಆ ಆಟವನ್ನು ಬಲ್ಲವರು. ಪಾರಿತೋಷಕದ ಕಪಾಟವನ್ನು ಎಣಿಸುವವರಲ್ಲ.

ಇನ್ನೊಂದು ಪ್ರಸಂಗವುಂಟು, ಅಲ್ಲಿ ವಿಚಾರಕ್ಕೆ ಹೊತ್ತು ತೆಗೆದುಕೊಳ್ಳುವದೂ ಅಪರಾಧವು. ಇಂಡಿಯಾನ ವಿಶ್ವವಿದ್ಯಾಲಯದ ಬಾಬ್ ನೈಟ್ಟರು ೧೯೭೧ರಿಂದ ಮುಖ್ಯ ತರಬೇತುದಾರರಾಗಿದ್ದು ಮೂರು ರಾಷ್ಟ್ರಪದವಿಗಳನ್ನು ಗೆದ್ದುಕೊಟ್ಟವರು. ಅಭ್ಯಾಸದ ಕಾಲಕ್ಕೆ ಒಬ್ಬ ಆಟಗಾರನ ಕೊರಳಿಗೆ ಕೈ ಹಾಕಿದ ೧೯೯೭ರ ಚಿತ್ರವು ೨೦೦೦ದಲ್ಲಿ ಹೊರಬಿದ್ದಿತು. ಕಡೆಯ ಎಚ್ಚರಿಕೆಯನ್ನು ಕೊಟ್ಟು, ಅದೂ ಫಲಿಸದೆ, ಅದೇ ವರ್ಷದ ಸಪ್ಟೆಂಬರದಲ್ಲಿ ವಿಶ್ವವಿದ್ಯಾಲಯವು ಅವರನ್ನು ತೆಗೆದುಹಾಕಿತು. ವಿದ್ಯಾರ್ಥಿಗಳು ಬೀದಿಗಿಳಿದು ಗದ್ದಲವೆಬ್ಬಿಸಿದರು. ಆದರೂ ಮಾಡಿದ್ದು ಸರಿ, ತಡವಾಯಿತೆಂಬುದೊಂದೇ ತಪ್ಪು. ಮೂರು ಪದವಿಗಳ ತೂಕಕ್ಕೆ ಒಬ್ಬ ಹುಡುಗನ ಕೊರಳನ್ನು ತೂಗಲಾಗದು. ತರಬೇತುದಾರರ ಪ್ರಶಸ್ತಿಗೆ ೧೯೮೫ರಲ್ಲಿ ಭಾರತ ಸರಕಾರವು ದ್ರೋಣಾಚಾರ್ಯನ ಹೆಸರನ್ನಿಟ್ಟಿದೆ. ಕರ್ನಾಟಕ ಸರಕಾರವು ಆಟಗಾರರಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಇಬ್ಬರ ನಡುವಿನ ಹೆಬ್ಬೆರಳಿನ ಲೆಕ್ಕವನ್ನು ಹೆಸರಿಟ್ಟವರು ಮರೆತರೂ ಓದಿದವರು ಮರೆಯಬಾರದು. ಬಹುಕಾಲ ಇದ್ದ ಗುರುವಿನ ಮೇಲೆ ಊರವರು ಇಡುವ ನಂಬಿಗೆಯು ದೊಡ್ಡದು, ಆ ನಂಬಿಗೆಯ ಮರೆಯಲ್ಲಿ ಆಗಬಹುದಾದ ಅನ್ಯಾಯವೂ ಅಷ್ಟೇ ದೊಡ್ಡದು.

ಗುರುವಿನ ಯೋಗ್ಯತೆಗೆ ಮತ್ತೊಂದು ಅಳತೆಯುಂಟು. ತನ್ನ ಹಿಂದೆ ಯಾರನ್ನು ನಿಲ್ಲಿಸಿ ಹೋಗುವನೆಂಬುದೇ ಅದು. ಶಿಷ್ಯನ ಕೈಯಲ್ಲಿ ಸೋಲುವದನ್ನೇ ಗುರುವು ಬಯಸಬೇಕೆಂಬ ಅರ್ಥದ ಸುಭಾಷಿತವನ್ನು ಸಂಸ್ಕೃತ ಪಾಠಶಾಲೆಯ ಸಣ್ಣ ಹುಡುಗರೂ ಬಲ್ಲರು. ಗದಗವು ಧಾರವಾಡ ಜಿಲ್ಲೆಯಲ್ಲಿಯೇ ಇದ್ದ ಕಾಲದಲ್ಲಿ, ೧೯೪೪ರಲ್ಲಿ, ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ವೀರೇಶ್ವರ ಪುಣ್ಯಾಶ್ರಮದ ಭಾರವು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಕಣ್ಣಿಲ್ಲದ ಗುರುವಿನಿಂದ ಕಣ್ಣಿಲ್ಲದ ಶಿಷ್ಯನಿಗೆ ಬಂದ ಆ ಭಾರವನ್ನು ಅವರು ೨೦೧೦ರ ವರೆಗೆ, ೬೬ ವರ್ಷ ಹೊತ್ತರು. ಅಷ್ಟು ದೀರ್ಘಕಾಲ ಒಬ್ಬರೇ ಇದ್ದರೆ ಸಂಸ್ಥೆಯು ಜಡ್ಡುಗಟ್ಟುವದೆಂದು ಹೇಳುವವರು, ಅನಾಥರೂ ಅಂಧರೂ ಆದ ಎಷ್ಟು ಮಕ್ಕಳು ಅಲ್ಲಿ ಅನ್ನ ವಿದ್ಯೆಗಳೆರಡನ್ನೂ ಪಡೆದರೆಂಬುದನ್ನು ನೋಡಬೇಕು. ಅವರ ತರುವಾಯ ಆಶ್ರಮಕ್ಕೆ ಹೊರಗಿನವರನ್ನು ಹುಡುಕಬೇಕಾಗಲಿಲ್ಲ. ಅತ್ತ ಅಮೇರಿಕೆಯಲ್ಲಿಯೂ ಡೀನ್ ಸ್ಮಿತ್ತರು ೧೯೯೭ರಲ್ಲಿ ನಿವೃತ್ತರಾದಾಗ ಮೂವತ್ತು ವರ್ಷ ಅವರ ಸಹಾಯಕನಾಗಿದ್ದವನೇ ಆ ಸ್ಥಾನಕ್ಕೆ ಬಂದನು. ಶಶೆಫ್ಸ್ಕಿಯವರ ಸ್ಥಾನಕ್ಕೆ ೨೦೧೦ರ ಗೆದ್ದ ತಂಡದಲ್ಲಿ ಆಡಿದ ಜಾನ್ ಶೈಯರ್ ಬಂದನು. ವುಡನ್ನರ ನಂತರ ಮಾತ್ರ ಹೊರಗಿನಿಂದ ಬಂದವನು ಎರಡೇ ವರ್ಷಗಳಲ್ಲಿ ಹೊರಟುಹೋದನು. ಆ ವಿಶ್ವವಿದ್ಯಾಲಯವು ಮುಂದಿನ ರಾಷ್ಟ್ರಪದವಿಗಾಗಿ ೧೯೯೫ರ ವರೆಗೆ ಕಾಯಬೇಕಾಯಿತು.

ಬದಲಿಸುವ ಚಟವು ಏನು ಮಾಡುವದೆಂಬುದಕ್ಕೆ ಭಾರತದ ಪುರುಷರ ಹಾಕಿ ತಂಡವೇ ಸಾಕ್ಷಿ. ೨೦೧೩ರಿಂದ ೨೦೧೯ರ ಆರಂಭದ ವರೆಗೆ ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್ ಎಂಬ ಆರು ಮಂದಿ ತರಬೇತುದಾರರು ಬಂದು ಹೋದರು. ಅವರಲ್ಲಿ ಒಬ್ಬರಿಗೆ ಅರ್ಧ ವರ್ಷವೂ ಪೂರ್ತಿಯಾಗಲಿಲ್ಲ. ೨೦೧೯ರಲ್ಲಿ ಬಂದ ಗ್ರಹಾಮ್ ರೀಡ್ ಎಂಬವರನ್ನು ಕದಲಿಸದೆ ಇಟ್ಟುಕೊಂಡರು. ೨೦೨೧ರಲ್ಲಿ ಟೋಕಿಯೋದಲ್ಲಿ ೪೧ ವರ್ಷಗಳ ಮೇಲೆ ಪದಕವು ಬಂದಿತು. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಂದು ಪದಕವನ್ನು ತಂದವರು ಹೊಸ ತರಬೇತುದಾರರಲ್ಲವೇ ಎಂದು ಕೇಳಬಹುದು. ಅಹುದು, ಹೊಸಬರೇ, ಆದರೆ ಅವರು ಕಟ್ಟಿ ನಿಲ್ಲಿಸಿದ ಮನೆಗೆ ಬಂದರು, ಕೆಡವಿದ ಮನೆಗೆ ಬರಲಿಲ್ಲ.

ಪದಕ, ಪದವಿಗಳು ದೊಡ್ಡ ಊರಿನವರ ಚಿಂತೆಗಳು. ಕಲಘಟಗಿಯ ಕಾಡಂಚಿನ ಹಳ್ಳಿಯಲ್ಲಿಯೋ ನವಲಗುಂದದ ಎರಿಯ ಹೊಲಗಳ ನಡುವಿನ ಊರಿನಲ್ಲಿಯೋ ಒಬ್ಬ ವ್ಯಾಯಾಮ ಶಿಕ್ಷಕನಿದ್ದರೆ, ಅವನೇ ಖೋ-ಖೋದ ಗುರು, ಅವನೇ ಓಟದ ಗುರು, ಮೈದಾನದಲ್ಲಿ ಎತ್ತು ಕಟ್ಟುವವರ ಸಂಗಡ ಜಗಳಾಡುವವನೂ ಅವನೇ. ಅಲ್ಲಿ ಹೆಣ್ಣುಮಗಳೊಬ್ಬಳು ನಸುಕಿನಲ್ಲಿ ಓಡಲಿಕ್ಕೆ ಬರುವಳೆಂದರೆ ಸರಕಾರದ ಯೋಜನೆಯನ್ನು ನೋಡಿ ಬರುವದಿಲ್ಲ. "ಆ ಮಾಸ್ತರು ಇದ್ದಾರಲ್ಲ, ಹೋಗು" ಎಂದು ಅವಳ ತಂದೆಯು ಹೇಳುವದರಿಂದ ಬರುತ್ತಾಳೆ. ಆ ಮಾತನ್ನು ಸಂಪಾದಿಸಲಿಕ್ಕೆ ಮಾಸ್ತರನಿಗೆ ಆರೇಳು ವರ್ಷ ಹಿಡಿದಿರುತ್ತದೆ. ಅವನನ್ನು ಎತ್ತಂಗಡಿ ಮಾಡಿ ಹೊಸಬನನ್ನು ತಂದ ಮರುದಿನ ಅವಳು ಮನೆಯಲ್ಲಿ ಉಳಿಯುತ್ತಾಳೆ. ಆ ವರ್ಷ ಅವಳು ಓಡದಿದ್ದರೆ ಮುಂದಿನ ವರ್ಷ ಅವಳಿಗೆ ಗಂಡು ನೋಡುತ್ತಾರೆ. ಯಾವ ಸಂಸ್ಥೆಯ ವಾರ್ಷಿಕ ವರದಿಯಲ್ಲಿಯೂ ಈ ಸೋಲಿಗೆ ಒಂದು ಸಾಲು ಇರುವದಿಲ್ಲ.

ಸರಕಾರಿ ನೌಕರನಾದವನನ್ನು ೬೦ನೆಯ ವಯಸ್ಸಿನಲ್ಲಿ ಕಾಯದೆಯೇ ಮನೆಗೆ ಕಳಿಸುವದು. ಅದಕ್ಕಿಂತ ಮೊದಲು ಊರವರು ತ್ವರೆ ಮಾಡತಕ್ಕ ಕಾರಣವಿಲ್ಲ. ಗುತ್ತಿಗೆಯವನನ್ನು ಹನ್ನೊಂದು ತಿಂಗಳಿಗೋ ಒಂದು ವರ್ಷಕ್ಕೋ ನೇಮಿಸುವ ಪದ್ಧತಿಯನ್ನು ಬಿಟ್ಟು, ಕಾಲೇಜುಗಳ ಆಡಳಿತ ಮಂಡಳಿಗಳೂ ಇಲಾಖೆಯವರೂ ಒಮ್ಮೆಗೆ ನಾಲ್ಕು ವರ್ಷಗಳಿಗೆ ನೇಮಿಸತಕ್ಕದ್ದು. ಮಕ್ಕಳ ಮೇಲೆ ಕೈ ಮಾಡಿದವನಿಗಾಗಲಿ ದುರ್ನಡತೆಯವನಿಗಾಗಲಿ ಆ ನಾಲ್ಕು ವರ್ಷದ ಆಶ್ರಯವು ಇರಬಾರದು. ಮಿಕ್ಕವನನ್ನು ನಾಲ್ಕನೆಯ ವರ್ಷದ ಕೊನೆಗೆ ಆ ಆಟವನ್ನು ಬಲ್ಲ ಇಬ್ಬರು ಹೊರಗಿನವರು ಮೈದಾನಕ್ಕೆ ಬಂದು, ಮೂರು ಮುಂಜಾವು ನಿಂತು ನೋಡಿ, ಅವನ ಎದುರಿಗೇ ತಮ್ಮ ಅಭಿಪ್ರಾಯವನ್ನು ಹೇಳಬೇಕು. ಐದನೆಯ ತರಗತಿಯಲ್ಲಿ ಅವನ ಕೈಗೆ ಬಂದ ಹುಡುಗಿಯು ಆ ಹೊತ್ತಿಗೆ ಒಂಬತ್ತನೆಯದರಲ್ಲಿರುವಳು; ಅವಳನ್ನೂ ಕರೆದು ಕೇಳಲಿ.